ಕನ್ನಡಕದಮ್ಮನಿಗೆ ಕಾಣದ ಚೆಂಡು

ನನ್ನ ಓರಗಿತ್ತಿಯನ್ನು ಬೀದಿಯವರೆಲ್ಲ ಕನ್ನಡಕದಮ್ಮ ಎಂದೇ ಕರೆಯುತ್ತಾರೆ. ಕನ್ನಡಕದಂಗಡಿಯ ಮುಂಭಾಗ ಅವಳದು. ಹಿಂದಿನ ಕೋಣೆಯಲ್ಲಿ ಕೂತು ಗಾಜಿನ ಅಂಚು ಉಜ್ಜಿ ಚೌಕಟ್ಟಿಗೆ ಕೂರಿಸುವವನು ನನ್ನ ಮೈದುನ. ಅವನನ್ನು ಯಾರೂ ಕನ್ನಡಕದಪ್ಪ ಎಂದು ಕರೆದದ್ದಿಲ್ಲ. ಕರೆದರೂ ಯಂತ್ರದ ಸದ್ದಿನಲ್ಲಿ ಅವನಿಗೆ ಕೇಳಿಸುವುದಿಲ್ಲ. ಕೇಳಿಸಿದರೂ ಉತ್ತರ ಕೊಡುವವಳು ಅವಳೇ.

ಕನ್ನಡಕದಮ್ಮ ಕನ್ನಡಕ ಹಾಕುತ್ತಿರಲಿಲ್ಲ. ಮುಂದಿನದೆಲ್ಲ ಇದರ ಮೇಲೆ ನಿಂತಿರುವುದರಿಂದ ಇದನ್ನು ಮೊದಲೇ ಹೇಳಿಬಿಡುತ್ತೇನೆ. ಐವತ್ತು ದಾಟಿದ ಹೆಂಗಸು ಬರಿಗಣ್ಣಿನಲ್ಲಿ ಕೂತು ಊರಿಗೆಲ್ಲ ಕನ್ನಡಕ ಮಾರುವುದನ್ನು ಕಂಡು ಯಾರಾದರೂ ಗಿರಾಕಿ ಕೇಳುವುದಿತ್ತು.

“ನಿಮಗೇ ಕನ್ನಡಕ ಇಲ್ವಲ್ಲಮ್ಮ?”

“ಚಪ್ಪಲಿ ಹೊಲಿಯೋನು ಅಂಗಡೀಲಿರೋದನ್ನೆಲ್ಲ ತಾನೇ ಮೆಟ್ಕೊಂಡು ಓಡಾಡ್ತಾನೇನ್ರೀ? ಗದ್ದ ಇಡಿ ಈ ಯಂತ್ರದ ಮೇಲೆ.”

ಅವಳದೊಂದು ಸಿದ್ಧಾಂತವಿತ್ತು. ಕಣ್ಣಿಗೂ ಕಸರತ್ತು ಬೇಕು. ದಿನಾ ಟೆನಿಸ್ ಚೆಂಡಿನ ಹಿಂದೆ ಕಣ್ಣು ಓಡಿಸಿದವರಿಗೆ ದೃಷ್ಟಿ ಮಂಕಾಗುವುದಿಲ್ಲ. ತಾನೇ ಅದಕ್ಕೆ ಸಾಕ್ಷಿ. ಸಾಕ್ಷಿಗೆ ಪುರಾವೆಯೂ ಇತ್ತು. ವರ್ಷಕ್ಕೊಮ್ಮೆ ಅಂಗಡಿಯ ನೆಲದ ಮೇಲಿನ ಗೆರೆಯ ಮೇಲೆ ನಿಂತು, ಒಂದು ಕಣ್ಣಿಗೆ ಅಂಗೈ ಮುಚ್ಚಿ, ಎದುರು ಗೋಡೆಯ ಅಕ್ಷರದ ಹಲಗೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿ ತೋರಿಸುತ್ತಿದ್ದಳು. ಕೊನೆಯ ಸಾಲಿನಲ್ಲಿ ಇರುವೆಯಷ್ಟು ಸಣ್ಣಕ್ಕೆ ‘ಒ ಪ ಔ ಷ ಓ ವ’ ಎಂದಿದೆ. ಆ ಸಾಲಿನ ಮುಂದೆ ಎಂಥೆಂಥವರೋ ಸೋತಿದ್ದಾರೆ. ಒ, ಓ, ಔ ಒಂದೇ ಮೈಕಟ್ಟಿನ ಅಕ್ಕತಂಗಿಯರು, ತಲೆಯ ಹತ್ತಿರದ ಕೊಂಡಿಯಲ್ಲಿ ಮಾತ್ರ ವ್ಯತ್ಯಾಸ. ಪ ಅಕ್ಷರದ ಹೊಟ್ಟೆಯೊಳಗೊಂದು ಗೀಟು ಬಿದ್ದರೆ ಷ. ಇವಳು ಮಾತ್ರ ಎಡವದೆ, ನಡುವೆ ಉಸಿರು ಕೂಡ ತೆಗೆದುಕೊಳ್ಳದೆ ಓದುತ್ತಿದ್ದಳು.

“ಹದ್ದಿನ ಕಣ್ಣು ಅಕ್ಕಾ, ಹದ್ದಿನ ಕಣ್ಣು” ಎನ್ನುತ್ತಿದ್ದಳು ನನಗೆ.

ಆ ಹದ್ದು ಒಂದು ಮಧ್ಯಾಹ್ನ ಬಾಗಿಲ ಬಳಿ ಗೂಟಕ್ಕೆ ನೇತುಹಾಕಿದ್ದ ನನ್ನ ಮಳೆಯಂಗಿಯನ್ನು ನೋಡಿ, “ಯಾಕಕ್ಕಾ ನಿಂತೇ ಇದೀರಿ, ಬನ್ನಿ ಕೂತ್ಕೊಳ್ಳಿ” ಎಂದಿತು. ನಾನು ಅವಳ ಬೆನ್ನ ಹಿಂದೆ ಕೂತು ಪತ್ರಿಕೆ ಓದುತ್ತಿದ್ದೆ.

“ನಿಂತಿರೋದು ನನ್ನ ಅಂಗಿ. ನಾನು ಬಂದು ಕಾಲು ಗಂಟೆ ಆಯ್ತು.”

“ಬೆಳಕೇ ಸರಿ ಇಲ್ಲ ಅಲ್ಲಿ” ಎಂದು ಗಂಡನನ್ನು ಕೂಗಿ ದೀಪ ಬದಲಾಯಿಸಿದಳು. ಕುಣಿಯಲಾರದವಳಿಗೆ ನೆಲ ಡೊಂಕು, ಹದ್ದಿಗೆ ದೀಪ ಡೊಂಕು.

ಇನ್ನು ಟೆನಿಸ್ಸಿನ ವಿಷಯ. ಅಂಗಡಿಯ ಗಾಜಿನ ಕಪಾಟಿನಲ್ಲಿ ಕನ್ನಡಕ ತೊಟ್ಟ ಎರಡು ಪಿಂಗಾಣಿ ತಲೆಗಳಿವೆ. ಅವುಗಳ ನಡುವೆ ಒಂದು ಮೊಳ ಜಾಗ ವರ್ಷಗಟ್ಟಲೆಯಿಂದ ಖಾಲಿ. ಅಲ್ಲಿ ಒಂದು ಡಬ್ಬಿ ಇಟ್ಟರೂ ಅವಳು ಎತ್ತಿ ಆಚೆ ಇಡುತ್ತಿದ್ದಳು. ಅದು ಟೆನಿಸ್ಸಿನಲ್ಲಿ ಗೆದ್ದು ತರಬೇಕಿದ್ದ ಕಪ್ಪಿನ ಜಾಗ. ಊರಿನ ಮಹಿಳೆಯರ ಪಂದ್ಯಾವಳಿಯ ಫೈನಲ್ಲಿಗೆ ಮೂರು ಸಲ ಹೋಗಿ ಮೂರು ಸಲವೂ ಸೋತು, ಒಂದು ಹನಿ ಕಣ್ಣೀರಿಲ್ಲದೆ ಬಂದು ಅಂಗಡಿ ಬಾಗಿಲು ತೆಗೆದವಳು ಅವಳು. ಆದರೆ ಈಚೆಗೆ ಮಂಡಿ ಕಟಕಟ ಎನ್ನತೊಡಗಿತ್ತು. ಈ ಸಲ ಗೆಲ್ಲದಿದ್ದರೆ ಇನ್ನಿಲ್ಲ ಎಂದು ಅವಳಿಗೂ ಗೊತ್ತಿತ್ತು, ಮಂಡಿಗೂ ಗೊತ್ತಿತ್ತು.

ನಾಲ್ಕನೆಯ ಫೈನಲ್ಲಿನಲ್ಲಿ ಎದುರಾದವಳು ಅಂಗಡಿಯಿರುವ ಅದೇ ಕಟ್ಟಡದ ಮಹಡಿಯ ಮೇಲಿನ ಹಲ್ಲಿನ ಡಾಕ್ಟರು. ಮೂವತ್ತು ಮುಟ್ಟದ ಹುಡುಗಿ, ಎಡಗೈ ಆಟಗಾರ್ತಿ. ಮೊದಲ ಸಲ ಆಡಿದಾಗ “ಸಾರಿ ಆಂಟಿ” ಎಂದಳಂತೆ. “ಕೋರ್ಟಿನೊಳಗೆ ಆಂಟಿ ಅನ್ನೋರು ಯಾರೂ ಇಲ್ಲ. ಅಷ್ಟು ಗೌರವ ಉಕ್ಕಿ ಬಂದ್ರೆ ಅಕ್ಕ ಅನ್ನು” ಎಂದಿದ್ದಳು ಇವಳು. ಅಂದಿನಿಂದ ಅಕ್ಕ. ಒಂದೇ ಮೆಟ್ಟಿಲು ಹತ್ತಿಳಿಯುವ ಇವರಿಬ್ಬರ ಪಂದ್ಯವನ್ನು ಕೇಳಿ ಬೀದಿಗೆ ಬೀದಿಯೇ “ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು” ಎಂದು ನಕ್ಕಿತು.

ನಮ್ಮ ಕ್ಲಬ್ಬಿನಲ್ಲಿ ಗೆರೆ ಕಾಯುವ ತೀರ್ಪುಗಾರರಿಲ್ಲ. ತನ್ನ ಕಡೆ ಬಿದ್ದ ಚೆಂಡು ಒಳಗೋ ಹೊರಗೋ ಎಂದು ಆಯಾ ಆಟಗಾರ್ತಿಯೇ ಹೇಳಬೇಕು. ಬೆರಳು ಮೇಲೆತ್ತಿದರೆ ಔಟ್. ಅಂಗೈ ನೆಲದ ಕಡೆ ಚಾಚಿದರೆ ಒಳಗೆ. ಚೆಂಡು ಗೆರೆಯನ್ನು ಸವರಿದರೂ ಒಳಗೇ. ಅನುಮಾನವಿದ್ದರೆ ಒಳಗೆ ಎಂದೇ ಲೆಕ್ಕ. ಅನುಮಾನದ ಲಾಭ ಎದುರಾಳಿಗೆ.

ಅಂದು ಸಂಜೆ ಇಬ್ಬರೂ ಒಂದೊಂದು ಸೆಟ್ ಗೆದ್ದು, ಮೂರನೆಯದರಲ್ಲಿ ನನ್ನ ಓರಗಿತ್ತಿ ಮುಂದಿದ್ದಳು. ಇನ್ನೊಂದೇ ಪಾಯಿಂಟು, ಕಪ್ಪು ಅವಳದು. ಚೆಂಡು ನಾಲ್ಕಾರು ಸಲ ಆಚೀಚೆ ಹೋಗಿಬಂದ ಮೇಲೆ ಡಾಕ್ಟರು ಅದನ್ನು ಇವಳ ಕಡೆಯ ಆ ಮೂಲೆಗೆ ಎಳೆದು ಹೊಡೆದಳು. ಇವಳು ಈ ಮೂಲೆಯಲ್ಲಿದ್ದಳು. ಚೆಂಡು ಬಿಳಿ ಗೆರೆಯಿಂದ ಅಂಗೈ ಅಗಲದಷ್ಟು ಹೊರಗೆ ಬಿತ್ತು. ನಾನು ಆ ಗೆರೆಯ ನೇರಕ್ಕೇ ಕೂತಿದ್ದೆ; ಸ್ಪಷ್ಟವಾಗಿ ಕಂಡಿತು. ನನ್ನ ಕನ್ನಡಕ ಅವಳೇ ಕೊಟ್ಟದ್ದು.

ಜನ ಆಗಲೇ ಚಪ್ಪಾಳೆಗೆ ಕೈ ಎತ್ತಿದ್ದರು. ಡಾಕ್ಟರು ಸೋತೆನೆಂದು ಕೈ ಕುಲುಕಲು ಬಲೆಯತ್ತ ನಡೆದುಬರುತ್ತಿದ್ದಳು. ನನ್ನ ಓರಗಿತ್ತಿ ಆ ಗೆರೆಯ ಕಡೆ ನೋಡಿದಳು, ಕಣ್ಣು ಕಿರಿದು ಮಾಡಿ ಇನ್ನೊಮ್ಮೆ ನೋಡಿದಳು. ಆಮೇಲೆ ನಿಧಾನವಾಗಿ ಅಂಗೈಯನ್ನು ನೆಲದ ಕಡೆ ಚಾಚಿದಳು.

ಒಳಗೆ.

“ಅಯ್ಯೋ!” ಎಂದರು ಎಲ್ಲರೂ. ಡಾಕ್ಟರು ಅರ್ಧ ದಾರಿಯಲ್ಲಿ ನಿಂತು, ಚಾಚಿದ್ದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಕೂದಲು ಸರಿಮಾಡಿಕೊಂಡು ಹಿಂದಿರುಗಿದಳು. ಆ “ಅಯ್ಯೋ” ಕೇಳಿದಾಗ, ಆ ಚಾಚಿದ ಕೈ ನೋಡಿದಾಗ, ಚೆಂಡು ಎಲ್ಲಿ ಬಿದ್ದಿತ್ತೆಂದು ನನ್ನ ಓರಗಿತ್ತಿಗೆ ತಿಳಿಯಿತು. ತನ್ನೊಬ್ಬಳನ್ನು ಬಿಟ್ಟು ಊರಿಗೆಲ್ಲ ಕಂಡಿತ್ತೆಂದೂ ತಿಳಿಯಿತು. ಅಲ್ಲಿಂದ ಅವಳ ಆಟ ಸೋರಿಹೋಯಿತು. ಸರ್ವ್ ಮಾಡಿದ್ದು ಬಲೆಗೆ, ಹೊಡೆದದ್ದು ಬೇಲಿಗೆ. ಗೆದ್ದೇ ಬಿಟ್ಟಿದ್ದ ಪಂದ್ಯ ಸೋತು ಸುಣ್ಣವಾಗಿ ಬೆಂಚಿನ ಮೇಲೆ ಕೂತು, ತಲೆಯ ಮೇಲೆ ಟವಲು ಹೊದ್ದು, ಭುಜ ಕುಣಿಯುವಂತೆ ಅತ್ತಳು. ಮೂರು ಫೈನಲ್ಲಿನ ಬಾಕಿಯೂ ಅದರಲ್ಲಿ ಸೇರಿತ್ತೋ ಏನೋ.

ಬಹುಮಾನದ ಹೊತ್ತಿನಲ್ಲಿ ಕ್ಲಬ್ಬಿನ ಕಾರ್ಯದರ್ಶಿ ಅವಳ ಕೈಗೆ ಮೈಕು ಕೊಟ್ಟರು. ಆತ ನಿವೃತ್ತ ವಿಮಾ ಅಧಿಕಾರಿ. ಮಾತಿಗೆ ಅವಕಾಶ ಸಿಗಲಿ ಎಂದೇ ಪಂದ್ಯಾವಳಿ ನಡೆಸುವವರು.

“ನನಗೆ…” ಎಂದಳು. ಟವಲಿನಿಂದ ಮೂಗೊರೆಸಿಕೊಂಡಳು. “ನನಗೆ ಕಾಣಿಸಲಿಲ್ಲ.” ಮತ್ತೆ ಅಳು.

ಕಾರ್ಯದರ್ಶಿ ಮೈಕು ಕಿತ್ತುಕೊಂಡರು. “ಕೇಳಿದಿರಾ ಮಹನೀಯರೇ! ಇವರಿಗೆ ಕಪ್ಪು ಕಾಣಿಸಲಿಲ್ಲ! ಸೋಲು ಗೆಲುವು ಕಾಣಿಸಲಿಲ್ಲ! ಕಾಣಿಸಿದ್ದು ಒಂದೇ, ಸತ್ಯ!”

ಇವಳು ಅವರ ತೋಳು ಜಗ್ಗಿದಳು. “ಅದಲ್ಲ ಸಾರ್, ನಿಜವಾಗ್ಲೂ ಕಾಣಿಸಲಿಲ್ಲ.”

“ಎಂಥ ವಿನಯ!” ಎಂದರು ಕಾರ್ಯದರ್ಶಿ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನ ಪಕ್ಕದ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡು, “ನಿಮಗೆ ಅಳು ಬರಲ್ವೇನ್ರೀ?” ಎಂದು ಕೇಳಿದಳು. ಸಾವಿರ ಜನರೆದುರು ಒಬ್ಬಳು ನಿಜ ಹೇಳಿದ್ದಳು, ಒಬ್ಬರೂ ನಂಬಿರಲಿಲ್ಲ. ನನಗೆ ಬಂದದ್ದು ಅಳುವಲ್ಲ.

ಮಾರನೆಯ ದಿನ ಪತ್ರಿಕೆಯಲ್ಲಿ ಟವಲು ಹೊದ್ದ ಅವಳ ಚಿತ್ರದ ಕೆಳಗೆ ‘ಕಪ್ಪಿಗಿಂತ ಸತ್ಯ ದೊಡ್ಡದು’ ಎಂದು ಬಂತು. ಅಭಿನಂದಿಸಲು ಬಂದವರಿಗೆ ಮೊದಮೊದಲು ಅವಳು, “ಇಲ್ರೀ, ಹಾಗೇನಿಲ್ಲ” ಎಂದಳು. ಆಮೇಲೆ ಸುಮ್ಮನೆ ನಕ್ಕಳು. ವಾರ ಮುಗಿಯುವ ಹೊತ್ತಿಗೆ, “ಏನೋ, ನಮ್ಮ ಮನೆತನಾನೇ ಹಾಗೆ” ಎನ್ನತೊಡಗಿದ್ದಳು.

“ಯಾವ ಮನೆತನ? ನಿನ್ನ ತವರಿಂದೋ, ನಮ್ಮದೋ?” ಎಂದೆ ನಾನು.

“ಸುಮ್ನಿರಿ ಅಕ್ಕ. ವ್ಯಾಪಾರದ ಹೊತ್ತು.”

“ಮಳೆಯಂಗಿಗೆ ಕುರ್ಚಿ ಕೊಟ್ಟ ಮನೆತನ ಅಲ್ವಾ ನಿಮ್ಮದು?”

ಅವಳ ಮುಖ ಬಾಡಿತು. “ಕಣ್ಣು ಕಾಣ್ದಿರೋಳ ಹತ್ರ ಕನ್ನಡಕ ಕೊಳ್ಳೋಕೆ ಯಾರು ಬರ್ತಾರೆ, ಹೇಳಿ? ಅಂಗಡಿ ಮುಚ್ಚಿ ನಿಮ್ಮ ಮನೇಗೆ ಬಂದು ಕೂರಲಾ?”

ಇದು ನಿಜವಾದ ಬೆದರಿಕೆ. ನಾನು ಪತ್ರಿಕೆ ಎತ್ತಿಕೊಂಡೆ. ಅಷ್ಟರಲ್ಲಿ ಹತ್ತಿರದ ಶಾಲೆಯವರು ಬಂದು, ಮಕ್ಕಳಿಗೆ ಪ್ರಾಮಾಣಿಕತೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕೇಳಿದರು. ಮಹಾತಾಯಿ ಒಪ್ಪಿಕೊಂಡುಬಿಟ್ಟಳು.

ಹಲ್ಲಿನ ಡಾಕ್ಟರು ಮಾತ್ರ ಅಷ್ಟು ದಿನವೂ ಹಿಂದಿನ ಮೆಟ್ಟಿಲಲ್ಲೇ ಹತ್ತಿಳಿಯುತ್ತಿದ್ದಳು. ಒಂದು ಮಧ್ಯಾಹ್ನ ಬಿಳಿ ಕೋಟಿನೊಳಗೆ ಏನನ್ನೋ ಸುತ್ತಿಕೊಂಡು ನೇರ ಅಂಗಡಿಗೆ ಬಂದಳು. ಕೋಟು ಬಿಚ್ಚಿ, ಒಳಗಿದ್ದ ಕಪ್ಪನ್ನು ಆ ಎರಡು ಪಿಂಗಾಣಿ ತಲೆಗಳ ನಡುವೆ ಇಟ್ಟಳು.

“ಇದು ನಿಮ್ದು ಅಕ್ಕ. ಅದು ಔಟಾಗಿತ್ತು. ನಾನೇ ನೋಡ್ದೆ. ನೀವು ಪಾಪ ಅಂತ ಬಿಟ್ಕೊಟ್ರಿ ಅಂತ ಊರೆಲ್ಲ ಹೇಳ್ತಿದೆ. ಬಾಯ್ತುಂಬ ಹತ್ತಿ ತುರುಕಿದ್ರೂ ನನ್ನ ರೋಗಿಗಳು ನಿಮ್ಮನ್ನ ಹೊಗಳೋದು ನಿಲ್ಸಲ್ಲ. ದಾನ ಕೊಟ್ಟ ಕಪ್ಪು ನಂಗೆ ಬೇಡ.”

ಗೆದ್ದವಳೂ ಸೋತವಳಂತೆಯೇ ಇದ್ದಳು. ಕಪ್ಪು ಮಾತ್ರ ಆ ಜಾಗಕ್ಕೆ ಅಳತೆ ತೆಗೆದು ಮಾಡಿಸಿದಂತೆ ಕೂತಿತ್ತು. ನನ್ನ ಓರಗಿತ್ತಿ ಅದನ್ನೇ ನೋಡುತ್ತ ನಿಂತಳು. ಅಷ್ಟು ಹತ್ತಿರದ್ದು ಅವಳಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಒಳಕೋಣೆಯ ಯಂತ್ರವೂ ನಿಂತಿತು.

“ತೆಗಿ ಅದನ್ನ” ಎಂದಳು ಕೊನೆಗೆ. “ನಾನು ಬಿಟ್ಕೊಡ್ಲಿಲ್ಲ ಕಣೆ. ಬಿಟ್ಕೊಡೋ ಪೈಕಿ ಅಲ್ಲ ನಾನು. ಬೇಕಾದ್ರೆ ನಮ್ಮಕ್ಕನ್ನ ಕೇಳು.”

“ಬಸ್ಸಲ್ಲಿ ಕಿಟಕಿ ಪಕ್ಕದ ಜಾಗವನ್ನೂ ಬಿಟ್ಟುಕೊಟ್ಟವಳಲ್ಲ” ಎಂದು ನಾನು ಸಾಕ್ಷಿ ಹೇಳಿದೆ.

“ಕಾಣಿಸ್ಲಿಲ್ಲ. ಅವತ್ತೂ ಅದನ್ನೇ ಹೇಳ್ದೆ. ಕಾಣದ ಚೆಂಡನ್ನ ಔಟ್ ಅಂತ ಹೇಗೆ ಅನ್ನಲಿ? ಆ ಪಾಯಿಂಟು ನಿಂದು. ಆಮೇಲಿನವೂ ನಿನ್ನವೇ. ಕಪ್ಪು ನಿಂದು.”

“ಕಾಣಿಸ್ಲಿಲ್ಲ ಅಂದ್ರೆ… ಕಣ್ಣೇ?”

“ಕಣ್ಣೇ.”

“ಮತ್ತೆ ಆ ಹಲಗೆ ಪೂರ್ತಿ ಓದ್ತೀರಂತಲ್ಲ?”

ಒಳಕೋಣೆಯ ಬಾಗಿಲಲ್ಲಿ ನನ್ನ ಮೈದುನನ ತಲೆ ಕಾಣಿಸಿತು. “ದೀಪ ಆರಿಸಿದ್ರೂ ಓದ್ತಾಳೆ” ಎಂದ.

ದಿನಕ್ಕೆ ಹತ್ತು ಜನರಿಂದ ಅದೇ ಅಕ್ಷರ ಓದಿಸಿ ಓದಿಸಿ ಅವಳಿಗೆ ಅದು ಮಗ್ಗಿಯಂತೆ ಬಾಯಿಪಾಠವಾಗಿತ್ತು. ಇಷ್ಟು ವರ್ಷ ಪರೀಕ್ಷೆ ಪಾಸಾಗುತ್ತಿದ್ದದ್ದು ಕಣ್ಣಲ್ಲ, ನಾಲಿಗೆ. ಅವಳು ಯಾರಿಗೂ ಮೋಸ ಮಾಡಿರಲಿಲ್ಲ. ಮೊದಲು ಮೋಸ ಹೋದವಳು ಅವಳೇ.

ಡಾಕ್ಟರು ಒಂದು ಕ್ಷಣ ಬಿಟ್ಟಕಣ್ಣಿನಲ್ಲಿ ನೋಡಿ, ಆಮೇಲೆ ನಗಲು ಶುರುಮಾಡಿದಳು. ನಕ್ಕು ಮುಗಿಸಿ, ಮೂಲೆಯಲ್ಲಿದ್ದ ರಟ್ಟಿನ ಪೆಟ್ಟಿಗೆಯೊಂದನ್ನು ಹರಿದು ಅದರ ಬೆನ್ನ ಮೇಲೆ ದೊಡ್ಡದರಿಂದ ಸಣ್ಣಕ್ಕೆ ಹೊಸ ಅಕ್ಷರಗಳನ್ನು ಬರೆದು ಹಳೆಯ ಹಲಗೆಯ ಮೇಲೆ ಸಿಕ್ಕಿಸಿದಳು. ಗಿರಾಕಿಯ ಕುರ್ಚಿಯಲ್ಲಿ ಕನ್ನಡಕದಮ್ಮನನ್ನು ಕೂರಿಸಿ, ಅಭ್ಯಾಸಬಲದಿಂದ “ಬಾಯಿ ತೆಗೀರಿ” ಎಂದಳು.

“ಬಾಯಿ ತೆಗೆದ್ರೆ ನೀನು ತಡ್ಕೊಳ್ಳಲ್ಲ. ಗಾಜು ಹಾಕು.”

“ಮೊದಲು ಬರಿಗಣ್ಣಲ್ಲಿ ಓದಿ.”

ಮೇಲಿನ ಸಾಲು ಸಲೀಸು. ಮೂರನೆಯದರಲ್ಲಿ ತಡವರಿಸಿದಳು. ಕೊನೆಯ ಸಾಲಿನ ಮುಂದೆ ಕುತ್ತಿಗೆ ಆಮೆಯಂತೆ ಮುಂದೆ ಬಂತು. “ಒ… ಬು?”

ಮೈದುನ ಗಾಜುಗಳನ್ನು ಒಂದೊಂದಾಗಿ ಕೊಡುತ್ತ ಹೋದ. ಡಾಕ್ಟರು ಅವನ್ನು ಪರೀಕ್ಷೆಯ ಚೌಕಟ್ಟಿಗೆ ಸಿಕ್ಕಿಸುತ್ತ ಹೋದಳು. “ಇದು ಚೆನ್ನಾಗಿದ್ಯಾ, ಅದಾ? ಅದಾ, ಇದಾ?” ಊರಿಗೆಲ್ಲ ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ಎಷ್ಟು ಕಷ್ಟವೆಂದು ಅವಳಿಗೆ ಅಂದು ಗೊತ್ತಾಯಿತು. ಕೊನೆಗೊಂದು ಗಾಜು ಕೂತಾಗ ಅವಳ ಕುತ್ತಿಗೆ ಹಿಂದಕ್ಕೆ ಸರಿಯಿತು.

“ಔ” ಎಂದಳು. “ಟು.”

ಡಾಕ್ಟರು ತುಟಿ ಕಚ್ಚಿ ನಗು ತಡೆದಳು.

“ತರಲೆ” ಎಂದಳು. ಆಮೇಲೆ ಚೌಕಟ್ಟಿನ ಸಮೇತ ಬಾಗಿಲ ಕಡೆ ತಿರುಗಿ, “ಎದುರಂಗಡಿ ಬೋರ್ಡಲ್ಲಿ ‘ಶುದ್ಧ’ಕ್ಕೆ ಒತ್ತಕ್ಷರವೇ ಇಲ್ವಲ್ರೀ! ಯಾವಾಗಿಂದ?”

“ಅಂಗಡಿ ಇಟ್ಟಾಗಿಂದ” ಎಂದೆ.

ಶಾಲೆಗೆ ಅವಳು ಹೊಸ ಕನ್ನಡಕ ತೊಟ್ಟು ಹೋದಳು. ಮಕ್ಕಳ ಮುಂದೆ ನಡೆದದ್ದನ್ನೆಲ್ಲ, ಬಾಯಿಪಾಠದ ಸಮೇತ, ಹೇಳಿದಳು. ಒಬ್ಬ ಹುಡುಗಿ ಎದ್ದು, “ಕಂಡಿದ್ರೆ ಔಟ್ ಅಂತಿದ್ರಾ?” ಎಂದು ಕೇಳಿದಳಂತೆ. “ಅಂತಿದ್ದೆನಾ? ಮೂರು ಬೀದಿಗೆ ಕೇಳೋ ಹಾಗೆ ಕೂಗ್ತಿದ್ದೆ!” ಪ್ರಾಮಾಣಿಕತೆಯ ಭಾಷಣ ಅಲ್ಲಿಗೆ ಮುಗಿಯಿತು. ಅಂಗಡಿ ಮುಚ್ಚಲಿಲ್ಲ. ಮಕ್ಕಳು ಮನೆಗೆ ಹೋಗಿ ಕಥೆ ಹೇಳಿದರು. ತಾವೂ ಏನೇನು ಬಾಯಿಪಾಠ ಮಾಡಿಕೊಂಡಿದ್ದೇವೋ ಎಂಬ ಅನುಮಾನದಲ್ಲಿ ಅಪ್ಪ ಅಮ್ಮಂದಿರು ಕಣ್ಣು ತೋರಿಸಿಕೊಳ್ಳಲು ಬಂದರು. ಪತ್ರಿಕೆಯವರು ಮಾತ್ರ ಇದನ್ನು ಬರೆಯಲಿಲ್ಲ. ಅವರ ಸತ್ಯ ಆಗಲೇ ಅಚ್ಚಾಗಿತ್ತಲ್ಲ.

ಕಪ್ಪು ಈಗ ಮಹಡಿಯ ಮೇಲೆ ಹಲ್ಲುನೋವಿನವರ ಎದುರಿಗಿದೆ. ಕಪಾಟಿನಲ್ಲಿ ಆ ಮೊಳ ಜಾಗ ಇನ್ನೂ ಖಾಲಿಯೇ. ಮಂಡಿಗೆ ಪಟ್ಟಿ, ಕನ್ನಡಕಕ್ಕೆ ಹಿಂದಿನಿಂದ ಲಾಡಿ ಕಟ್ಟಿಕೊಂಡು ಅವಳು ಮತ್ತೆ ಕೋರ್ಟಿಗಿಳಿದಿದ್ದಾಳೆ. ಮೊನ್ನೆ ಸಂಜೆ ಇಬ್ಬರೂ ಅಭ್ಯಾಸಕ್ಕೆ ಆಡುತ್ತಿದ್ದಾಗ ನಾನು ಅದೇ ಬೆಂಚಿನಲ್ಲಿದ್ದೆ. ಆಟ ಸಮಸಮ. ಡಾಕ್ಟರು ಮತ್ತೆ ಅದೇ ಮೂಲೆಗೆ ಹೊಡೆದಳು. ಚೆಂಡು ಗೆರೆಯ ಹೊರಅಂಚನ್ನು ಕೂದಲೆಳೆಯಷ್ಟು ಸವರಿ ಹೋಯಿತು. ಡಾಕ್ಟರಿಗೆ ಅದು ಕಾಣುವಂತಿರಲಿಲ್ಲ.

“ಔಟಾ ಅಕ್ಕ?” ಎಂದು ಕೂಗಿದಳು.

ನನ್ನ ಓರಗಿತ್ತಿಯ ಬೆರಳು ಅರ್ಧ ಮೇಲೆದ್ದಿತ್ತು. ಅವಳು ನನ್ನ ಕಡೆ ನೋಡಿದಳು; ನಾನು ಮುಖ ತಿರುಗಿಸಿಕೊಂಡೆ. ಬೆರಳು ಇಳಿಯಿತು. ಅಂಗೈ ನೆಲದ ಕಡೆ ಚಾಚಿತು.

“ಕಾಣಿಸ್ತು” ಎಂದಳು. “ಹಾಳಾದ್ದು, ಕಾಣಿಸಿಬಿಡ್ತು.”