ಶಿವಗಂಗಾಳ ಹೊಸ ಪ್ರೊಸೆಸರು

ಮದುವೆ ವಿಡಿಯೊ ಎಡಿಟಿಂಗ್ ಎಂದರೆ ಇಳಕಲ್ಲಿನ ಮುಬಶೀರಾ ಎಂಬ ಕಾಲವೊಂದಿತ್ತು. ಗಂಡ ಅಫ್ಸರ ಕ್ಯಾಮೆರಾ ಹಿಡಿದು ಊರೂರು ತಿರುಗುತ್ತಿದ್ದ. ಇವಳು ಮನೆಯ ಮುಂದಿನ ಕೋಣೆಯಲ್ಲಿ ಕುಳಿತು ಅಕ್ಕಿಕಾಳು, ನಿಕಾಹ್, ಊಟದ ಪಂಕ್ತಿ, ಅಳುವ ತಾಯಂದಿರು ಎಲ್ಲವನ್ನೂ ಕತ್ತರಿಸಿ ಜೋಡಿಸಿ ಬೇಸರವಿಲ್ಲದೆ ನೋಡುವಂಥ ಸಿನಿಮಾ ಮಾಡುತ್ತಿದ್ದಳು. ಗುಡೂರು, ಹುನಗುಂದದ ಫೋಟೊಗ್ರಾಫರರೂ ಇವಳನ್ನೇ ಹುಡುಕಿಕೊಂಡು ಬರುತ್ತಿದ್ದರು.

ಶಿವಗಂಗಾ ಈ ಕೆಲಸ ಕಲಿತದ್ದು ಅದೇ ಕೋಣೆಯಲ್ಲಿ, ಮುಬಶೀರಾಳ ಪಕ್ಕದ ಕುರ್ಚಿಯಲ್ಲಿ. ಕಲಿತ ಮೇಲೆ ಹುನಗುಂದದಲ್ಲಿ ತನ್ನದೇ ಸ್ಟುಡಿಯೊ ತೆರೆದಳು. ಅಷ್ಟಕ್ಕೇ ಮುಬಶೀರಾಗೆ ಸ್ವಲ್ಪ ಕಸಿವಿಸಿಯಾಗಿತ್ತು. ಒಂದು ದಿನ ಫೋಟೊಗ್ರಾಫರ ಸುನೀಲಕುಮಾರ ಬಂದು ಕುಳಿತು ಹೊಸ ಸುದ್ದಿ ಹೇಳಿದ.

"ಭಾಬಿ, ಶಿವಗಂಗಾನ ಹೊಸಾ ಕಂಪ್ಯೂಟರ್ ನೋಡೀರೇನ್ರಿ? ನಿಮ್ಮಲ್ಲೆ ಮಧ್ಯಾಹ್ನದತನಾ ಹಿಡಿಯೋ ಸಿನಿಮಾ ಅಲ್ಲೆ ಚಹಾ ಕುಡಿಯೋದ್ರಾಗ ತಯಾರ್ ಆಗತೈತಿ."

ಛಲೋ ಆಯಿತು ಬಿಡ್ರಿ ಎಂದು ಮುಬಶೀರಾ ನಕ್ಕಳು. ಅವನು ಏಳುವ ಮೊದಲೇ ಅದರೊಳಗಿನ ಪ್ರೊಸೆಸರು, ಅಂದರೆ ಕಂಪ್ಯೂಟರಿನ ಮಿದುಳು, ಯಾವುದೆಂದು ಕೇಳಿ ತಿಳಿದುಕೊಂಡಳು.

ಅಂದಿನಿಂದ ಕೆಲಸದ ನಡುವೆ ಮೊಬೈಲ್ ತೆಗೆದರೆ ಅದೇ ಹುಡುಕಾಟ. ಎರಡು ಪ್ರೊಸೆಸರುಗಳನ್ನು ಪಕ್ಕಪಕ್ಕ ಇಟ್ಟು ಯಾವುದು ಚುರುಕೆಂದು ಪರೀಕ್ಷಿಸುವವರ ವಿಡಿಯೊಗಳಿಗೆ ಲೆಕ್ಕವಿಲ್ಲ. ತನ್ನದು ಎಂಟು ಕೋರಿನ, ಅಂದರೆ ಎಂಟು ಕೈಗಳ, ಹಳೆಯದು, ಶಿವಗಂಗಾಳದು ಬೇರೆ ಕಂಪನಿಯ ಹದಿನಾರು ಕೋರಿನದು. ಯಾರು ಪರೀಕ್ಷಿಸಿದರೂ ವೇಗ ತೋರಿಸುವ ಬಣ್ಣದ ಪಟ್ಟಿ ಹೊಸದರದ್ದು ಪರದೆಯ ಅಂಚಿಗೆ ಮುಟ್ಟುತ್ತಿತ್ತು, ತನ್ನದರದ್ದು ಅರ್ಧಕ್ಕೆ ನಿಲ್ಲುತ್ತಿತ್ತು. ತನ್ನದು ಗೆಲ್ಲುವ ಒಂದೇ ಒಂದು ಪರೀಕ್ಷೆಗಾಗಿ ಅವಳು ಜೋಳದಲ್ಲಿ ಹರಳು ಆರಿಸುವಂತೆ ಆರಿಸಿದಳು. ಕೊನೆಗೂ ಸಿಕ್ಕಿತು. ಹೊಸ ತರದ ಕ್ಯಾಮೆರಾಗಳ ಭಾರದ ಫೈಲುಗಳನ್ನು ಬಿಚ್ಚಿ ತೋರಿಸುವುದಕ್ಕೆಂದೇ ತನ್ನ ಪ್ರೊಸೆಸರಿನೊಳಗೆ ಬೇರೊಂದು ಭಾಗವಿತ್ತು, ಶಿವಗಂಗಾಳದರಲ್ಲಿ ಅದಿರಲಿಲ್ಲ. ಆ ವಿಡಿಯೊವನ್ನು ಮತ್ತೆ ಮತ್ತೆ ನೋಡಿದಳು.

ಸುನೀಲಕುಮಾರ ಅಂಥದೇ ಕ್ಯಾಮೆರಾ ಕೊಂಡ. ಬೇವೂರಿನ ಮದುವೆಯೊಂದನ್ನು ಶೂಟಿಂಗ್ ಮಾಡಿ ಶಿವಗಂಗಾಗೆ ಕೊಟ್ಟಿದ್ದವನು, ವಾರ ಕಳೆಯುವುದರೊಳಗೆ ಅದನ್ನೇ ಹೊತ್ತುಕೊಂಡು ಇಳಕಲ್ಲಿಗೆ ಬಂದ. ಅಲ್ಲಿ ಚಿತ್ರ ಹೆಜ್ಜೆಗೊಮ್ಮೆ ನಿಲ್ಲುತ್ತದೆ, ಕತ್ತರಿಸಲು ಆಗುತ್ತಿಲ್ಲ ಎಂದ. ಮುಬಶೀರಾಗೆ ಕಾರಣ ಗೊತ್ತಿತ್ತು, ಉಪಾಯವೂ ಗೊತ್ತಿತ್ತು. ಎರಡನ್ನೂ ಹೇಳದೆ ಕೆಲಸ ಇಸಿದುಕೊಂಡಳು. ಅವಳ ಹಳೆಯ ಕಂಪ್ಯೂಟರಿನಲ್ಲಿ ಮದುಮಗಳು ನೀರಿನಂತೆ ಸರಾಗವಾಗಿ ನಡೆದು ಬಂದಳು. ಮುಂದಿನ ಮದುವೆಗಳೂ ಇತ್ತಲೇ ಹೊರಳಿದವು. ಶಿವಗಂಗಾ ಕಂಪ್ಯೂಟರನ್ನು ಬಾಗಲಕೋಟೆಯ ಅಂಗಡಿಗೆ ಒಯ್ದಳಂತೆ, ಅವರು ಏನೂ ಕೆಟ್ಟಿಲ್ಲವೆಂದು ವಾಪಸು ಕಳಿಸಿದರಂತೆ ಎಂಬ ಸುದ್ದಿ ಕೇಳಿದ ದಿನ ಮುಬಶೀರಾ ಅಡುಗೆಮನೆಯಲ್ಲಿ ಹಾಡು ಗುನುಗಿದಳು.

ಒಂದು ಮುಂಜಾನೆ ಶಿವಗಂಗಾಳೇ ಬಂದಳು. ಕಂಪ್ಯೂಟರಿನ ಡಬ್ಬಿಯನ್ನು ಚಾದರದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು.

"ಅಕ್ಕಾ, ನಿಮ್ಮ ಮಷಿನ್ ಬಾಜೂಕ ಇದನ್ನ ಇಟ್ಟು ನೋಡೂಣ್ರಿ. ತಪ್ಪು ನಂದೋ ಇದರದ್ದೋ ತಿಳಿವಲ್ದು."

ಒಂದೇ ಮದುವೆಯನ್ನು ಎರಡರಲ್ಲೂ ತೆರೆದರು. ಮುಬಶೀರಾಳದು ಸಲೀಸಾಗಿ ಓಡಿತು, ಶಿವಗಂಗಾಳದು ಮುಗ್ಗರಿಸಿತು. ಆಮೇಲೆ ಶಿವಗಂಗಾ ಕತ್ತರಿಸಿ ಮುಗಿಸಿದ್ದ ಹಳೆಯ ಮದುವೆಯೊಂದನ್ನು ಎರಡರಲ್ಲೂ ಸಿನಿಮಾ ಮಾಡಲು ಬಿಟ್ಟರು. ಮುಬಶೀರಾಳದು ಅರ್ಧಕ್ಕೂ ಬಂದಿರಲಿಲ್ಲ, ಹೊಸದು ಕೆಲಸ ಮುಗಿಸಿ ಸುಮ್ಮನಾಯಿತು. ಶಿವಗಂಗಾ ಆ ಸಿನಿಮಾದ ಕೊನೆಯನ್ನು ತೆರೆದು ತೋರಿಸಿದಳು. ಮದುಮಕ್ಕಳು ಮರೆಯಾದ ಮೇಲೆ ದೊಡ್ಡ ಅಕ್ಷರ ಮೂಡಿತು: ಎಡಿಟಿಂಗ್, ಶಿವಗಂಗಾ.

ಮುಬಶೀರಾಳ ಕಣ್ಣು ಅಲ್ಲೇ ನಿಂತಿತು. ತಾನು ಮಾಡಿದ ಅಷ್ಟೂ ಸಿನಿಮಾಗಳ ಕೊನೆಗೆ ಬರುತ್ತಿದ್ದದ್ದು ಅಫ್ಸರನ ಹೆಸರು. ಇಷ್ಟು ದಿನ ಪ್ರೊಸೆಸರಿನ ಮೇಲಿದೆ ಎಂದುಕೊಂಡಿದ್ದ ಉರಿ ಎಲ್ಲಿಯದೆಂದು ಆಗ ತಿಳಿಯಿತು.

"ಹೊಸಾ ಕ್ಯಾಮೆರಾದ ಕೆಲಸ ಆಗಲಿಲ್ಲಂದ್ರ ಏನ್ ಉಪಯೋಗ್ರಿ? ಇದನ್ನ ಮಾರಿಬಿಡ್ತೇನ್ರಿ ಅಕ್ಕಾ," ಎಂದಳು ಶಿವಗಂಗಾ. "ಮತ್ತ ನಿಮ್ಮ ಹಂತೇಕನ ಕೆಲಸಕ್ಕ ಬರ್ತೇನಿ. ಕರಕೊಳ್ತೀರೇನ್ರಿ?"

ಮುಬಶೀರಾ ಬಯಸಿದ್ದು ಇದನ್ನೇ. ಒಂದು ಗಳಿಗೆ ನಾಲಿಗೆಗೆ ಸಕ್ಕರೆ ಮುಟ್ಟಿದಂತಾಯಿತು. ಆದರೆ ಆ ಹುಡುಗಿ ಪಕ್ಕದ ಕುರ್ಚಿಗೆ ಮರಳಿದರೆ ಪರದೆಯ ಮೇಲಿನ ಆ ಹೆಸರೂ ಅಳಿಸಿಹೋಗುತ್ತಿತ್ತು. ಅವಳು ತನ್ನ ಕುರ್ಚಿಯನ್ನು ಶಿವಗಂಗಾಳ ಡಬ್ಬಿಯ ಕಡೆಗೆ ಎಳೆದುಕೊಂಡಳು.

"ಮಷಿನ್ ಛಲೋನ ಐತಿ. ಫೈಲ್ ಭಾರ ಅದಾವ," ಎಂದಳು. "ಮೊದಲ ಅವುಗಳದ್ದು ಹಗೂರ ನಕಲು ಮಾಡ್ಕೊ, ಅದರ ಮ್ಯಾಲೆ ಕತ್ತರಿಸು. ಕಡೀಕ ಖರೆ ಫೈಲಿಗೆ ಜೋಡಿಸು. ಎಲ್ಲೂ ನಿಲ್ಲೂದಿಲ್ಲ."

ಮಾಡಿ ನೋಡಿದರು, ನಿಲ್ಲಲಿಲ್ಲ. ಶಿವಗಂಗಾ ಪರದೆಯಿಂದ ಮುಬಶೀರಾಳ ಕಡೆಗೆ ತಿರುಗಿದಳು.

"ನಿಮಗ ಮೊದಲ ಗೊತ್ತಿತ್ತೇನ್ರಿ ಇದು?"

"ಗೊತ್ತಿತ್ತು."

ಶಿವಗಂಗಾ ಚಹಾ ಅರ್ಧಕ್ಕೇ ಬಿಟ್ಟು, ಡಬ್ಬಿಯನ್ನು ಚಾದರದಲ್ಲಿ ಸುತ್ತಿಕೊಂಡು ಹೋದಳು.

ಸುನೀಲಕುಮಾರನ ಮದುವೆಗಳು ಮತ್ತೆ ಹುನಗುಂದಕ್ಕೆ ಹೋದವು. ಇತ್ತ ಮುಬಶೀರಾ ಇನ್ನು ಮುಂದೆ ಸಿನಿಮಾದ ಕೊನೆಗೆ ತನ್ನ ಹೆಸರೂ ಬರಬೇಕೆಂದು ಗಂಡನಿಗೆ ಹೇಳಿದಳು. ಅದನ್ನೆಲ್ಲ ಯಾರು ಓದುತ್ತಾರೆ ಎಂದು ಅವನು ನಕ್ಕ. ಓದದಿದ್ದರೆ ನಿನ್ನದನ್ನೂ ತೆಗೆ ಎಂದಾಗ ಸುಮ್ಮನೆ ಒಪ್ಪಿಕೊಂಡ. ಮೊದಲ ಸಲ ಹೆಸರು ಬಂದ ಸಿನಿಮಾವನ್ನು ಮದುವೆಮನೆಯವರು ಇವಳನ್ನೂ ಕರೆದು ಕೂರಿಸಿಕೊಂಡು ನೋಡಿದರು. ಕೊನೆಯ ಅಕ್ಷರ ಬರುವಷ್ಟರಲ್ಲಿ ಎಲ್ಲರೂ ಊಟಕ್ಕೆದ್ದಿದ್ದರು. ಅವಳೊಬ್ಬಳೇ ಕುಳಿತು ಓದಿದಳು.

ಅದೇ ವಾರ ಬಾಗಲಕೋಟೆಯ ವಿದ್ಯಾಗಿರಿಯ ದೊಡ್ಡ ಮದುವೆಯೊಂದು ಶಿವಗಂಗಾಗೆ ಸಿಕ್ಕಿದೆ ಎಂದು ತಿಳಿಯಿತು. ಮುಬಶೀರಾ ಅಫ್ಸರನನ್ನು ಎಬ್ಬಿಸಿಕೊಂಡು ಬಾಗಲಕೋಟೆಯ ಅಂಗಡಿಗೆ ಹೋದಳು. ಎಂಥ ಪ್ರೊಸೆಸರು ಬೇಕೆಂದು ಅಂಗಡಿಯವನು ಕೇಳಿದ. ಭಾರದ ಫೈಲನ್ನೂ ಬಿಚ್ಚಬೇಕು, ಸಿನಿಮಾವನ್ನೂ ಬೇಗ ಮುಗಿಸಬೇಕು ಎಂದಳು. ಶಿವಗಂಗಾಳದಕ್ಕಿಂತ ಕೂದಲೆಳೆಯಷ್ಟಾದರೂ ಮುಂದಿರಬೇಕು ಎಂಬುದನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.