ಪ್ರಾರ್ಥನೆ ಮುಗಿಯುವ ಮೊದಲೇ ಹಾಕಿಸಿದ ಸಹಿ

ಅದು ೧೯೭೪ ಇರಬೇಕು, ಇಲ್ಲವೇ ಅದರ ಮರುವರ್ಷ. ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಅಂದಿನ ದಿನಚರಿಯಲ್ಲಿ ಇರುವುದು ಇಷ್ಟೇ: ‘ಟಿಕೋಟಾದಿಂದ ಕಾಕಾ ಬಂದಿದ್ದರು. ಕೆಲಸ ಬೇಗ ಆಯಿತು.’

ಧಾರವಾಡದಲ್ಲಿ ಎಂ.ಎ. ಮುಗಿಸಿ ವಿಜಾಪುರದ ಒಂದು ಕಾನ್ವೆಂಟ್ ಶಾಲೆಯಲ್ಲಿ ಕಲಿಸುತ್ತಿದ್ದೆ. ಕಾಕಾನ ಮಗಳು ಗಿರಿಜಾ ಜೋರಾಪುರ ಪೇಟೆಯ ನಮ್ಮ ಮನೆಯಲ್ಲಿದ್ದು ಅದೇ ಶಾಲೆಯಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದಳು.

ನಮ್ಮ ಹೆಡ್ಮಿಸ್ಟ್ರೆಸ್ ಮಂಗಳೂರು ಕಡೆಯ ಒಬ್ಬ ಸಿಸ್ಟರ್. ಯಾರಾದರೂ ಮಗಳನ್ನು ಶಾಲೆ ಬಿಡಿಸಲು ಬಂದರೆ ಅವರು ಟಿ.ಸಿ.ಗೆ ಕೂಡಲೇ ಸಹಿ ಮಾಡುತ್ತಿರಲಿಲ್ಲ. ಹುಡುಗಿಯ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಪ್ರಾರ್ಥನಾ ಕೋಣೆಗೆ ಹೋಗಿ ಅರ್ಧ ಗಂಟೆ ಕೂರುತ್ತಿದ್ದರು. ‘ಸಿಸ್ಟರ್ ಫೈಲ್ ಮ್ಯಾಲಿನ ಆಫೀಸಿಗೆ ಕಳಿಸ್ಯಾರ’ ಎಂದು ನಾವು ಶಿಕ್ಷಕಿಯರು ನಗುತ್ತಿದ್ದೆವು. ಆ ಮಾತು ಹುಟ್ಟಿಸಿದವಳು ನಾನೇ ಎಂದು ಕಾಣುತ್ತದೆ.

ಅಂದು ಕಾಕಾ ಗಿರಿಜಾಳ ಟಿ.ಸಿ. ಕೇಳಿದರು. ‘ಟಿಕೋಟಾ ಸಾಲಿಗೇ ಹಾಕ್ತೀನ್ರಿ’ ಎಂದರು. ಬಬಲೇಶ್ವರದಿಂದ ಅವಳಿಗೊಂದು ಸಂಬಂಧ ಬಂದಿರುವುದನ್ನು ಮನೆಯಲ್ಲಿ ಮಾತಾಡುತ್ತಿದ್ದರು. ಗೊತ್ತಿದ್ದೂ ಸುಮ್ಮನಿದ್ದೆ. ಸಿಸ್ಟರ್ ಚೀಟಿ ಹಿಡಿದು ಒಳಗೆ ಹೋದರು.

ಹತ್ತು ನಿಮಿಷಕ್ಕೇ ಕಾಕಾ ಚಡಪಡಿಸತೊಡಗಿದರು. ‘ಏನವಾ, ನಿಮ್ಮ ಸಿಸ್ಟರ್ ಬಾಯಾರು ಸಹಿ ಮಾಡಾಕೂ ಮುಹೂರ್ತ ನೋಡ್ತಾರೇನು?’

‘ಒಂದೀಟ ಕುಂದರ್ರಿ ಕಾಕಾ, ಪ್ರಾರ್ಥನಾ ಮಾಡಾಕತ್ತಾರ.’

‘ಅವರ ದೇವರಿಗೆ ನಮ್ಮ ಹುಡುಗಿ ಗುರ್ತೇನು? ಬಸ್ ಹೋಗ್ತದ. ಇಷ್ಟ್ ಓದೀದಿ, ಇಷ್ಟೂ ಆಗೂದಿಲ್ಲೇನ ನಿನ್ನ ಕೈಲೆ?’

ಆ ಮಾತು ಚುಚ್ಚಿತು. ಎದ್ದೆ. ಕಂಬಕ್ಕೆ ಒರಗಿ ನಿಂತಿದ್ದ ಗಿರಿಜಾ ‘ಅಕ್ಕಾ...’ ಎಂದಳು. ಅಥವಾ ಆ ‘ಅಕ್ಕಾ’ ನಾನು ಆಮೇಲೆ ಸೇರಿಸಿಕೊಂಡದ್ದೋ, ತಿಳಿಯದು. ನಾನಂತೂ ನಿಲ್ಲಲಿಲ್ಲ.

ಸಿಸ್ಟರ್ ಮೊಣಕಾಲೂರಿ ಕೂತಿದ್ದರು. ‘ಸಿಸ್ಟರ್, ಅವರು ನಮ್ಮ ಮನೆಯವರೇ. ತಡವಾಗುತ್ತಿದೆ’ ಎಂದೆ.

ಅವರು ತಿರುಗಿ ನೋಡಿದರು. ‘ಹುಡುಗಿಯನ್ನು ಕೇಳಿದಿರಾ ಟೀಚರ್?’

‘ಕೇಳಿದ್ದೇನೆ. ಅವಳಿಗೂ ಒಪ್ಪಿಗೆ.’

ಕೇಳಿರಲಿಲ್ಲ. ಒಂದೇ ಮನೆಯಲ್ಲಿ ಉಂಡು ಮಲಗುತ್ತಿದ್ದರೂ ಕೇಳಿರಲಿಲ್ಲ. ಸಿಸ್ಟರ್ ನನ್ನನ್ನು ನಂಬಿ ಎದ್ದು ಬಂದು ಸಹಿ ಮಾಡಿದರು.

ಗಿರಿಜಾ ಟಿಕೋಟಾದ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಆ ಬೇಸಿಗೆಯಲ್ಲೇ ಬಬಲೇಶ್ವರಕ್ಕೆ ಮದುವೆಯಾಗಿ ಹೋದಳು. ಮದುವೆಯಿಂದ ಬಂದು ಸಿಸ್ಟರಿಗೆ ನಿಜ ಹೇಳಿದೆ. ಬೈದಿದ್ದರೆ ಹಗುರಾಗುತ್ತಿತ್ತು, ಬೈಯಲಿಲ್ಲ. ‘ಪ್ರಾರ್ಥನೆಯಲ್ಲಿ ನನಗೆ ಉತ್ತರವೇನೂ ಸಿಗುವುದಿಲ್ಲ ಟೀಚರ್. ನನ್ನ ಅವಸರ ಇಳಿಯುತ್ತದೆ, ಅಷ್ಟೇ. ಆಮೇಲೆ ಮಗುವನ್ನು ಒಬ್ಬಳನ್ನೇ ಕರೆದು ಕೇಳುತ್ತೇನೆ’ ಎಂದರು. ಹಾಗೆ ಕೇಳಿದ ಮೇಲೆ ಅವರು ಅಪ್ಪನನ್ನು ಒಪ್ಪಿಸಿ ತರಗತಿಗೆ ಮರಳಿ ಕಳಿಸಿದ ಹುಡುಗಿಯರೂ ಇದ್ದರಂತೆ. ಅವರಲ್ಲಿ ಇಬ್ಬರು ನನ್ನ ತರಗತಿಯಲ್ಲೇ ಕೂರುತ್ತಿದ್ದರು. ನನಗೆ ಕಂಡಿದ್ದು ತಡ ಮಾಡುವ ಸಿಸ್ಟರ್ ಮಾತ್ರ.

ಗಿರಿಜಾಳಿಗೆ ಈಗ ಮೊಮ್ಮಕ್ಕಳು. ಸುಖವಾಗಿದ್ದಾಳೆ ಎಂದು ಎಲ್ಲರೂ ಹೇಳುತ್ತಾರೆ, ಇರಲೂಬಹುದು. ಹೋದ ವರ್ಷ ಅವಳ ಮನೆಯಲ್ಲಿ ಊಟಕ್ಕೆ ಕೂತಾಗ ಧೈರ್ಯ ಮಾಡಿ ಕೇಳಿದೆ: ‘ಗಿರಿಜಾ, ಅವತ್ತ ಸಿಸ್ಟರ್ ನಿನ್ನ ಒಬ್ಬಾಕಿನ್ನ ಕರದು ಕೇಳಿದ್ದರ, ಏನಂತಿದ್ದಿ?’

‘ರೊಟ್ಟಿ ಆರ್ತಾವ, ಉಣ್ಣಕ್ಕಾ’ ಎಂದಳು.

ಆಮೇಲೆ ಎರಡು ಸಲ ಬಬಲೇಶ್ವರಕ್ಕೆ ಹೋಗಿ ಬಂದಿದ್ದೇನೆ. ಅವಳಿನ್ನೂ ಹೇಳಿಲ್ಲ.