ನಲವತ್ತೇಳನೆಯ ಪುಟ

ವಿಶ್ವವಿದ್ಯಾಲಯದ ಹಿಂದಿನ ಗೇಟಿನೆದುರು ಒಂದು ಟೈಪಿಂಗ್ ಅಂಗಡಿ. ಒಳಗೆ ಒಂದು ಕಂಪ್ಯೂಟರು, ಒಂದು ಜೆರಾಕ್ಸ್ ಯಂತ್ರ, ಗೋಡೆಗೊರಗಿಸಿಟ್ಟ ರಟ್ಟಿನ ಹಾಳೆಗಳು, ಸದಾ ಗೋಂದಿನ ವಾಸನೆ. ಗಂಡ ಬೈಂಡಿಂಗ್ ಮಾಡುತ್ತಿದ್ದ, ಹೆಂಡತಿ ಟೈಪ್ ಮಾಡುತ್ತಿದ್ದಳು. ಪಿಎಚ್‌ಡಿ ಮಾಡುವವರಿಗೆಲ್ಲ ಅವಳು ಟಿಪ್ಪಣಿ ಅಕ್ಕ.

ಆ ಅಡ್ಡಹೆಸರನ್ನು ಅವಳು ದುಡಿದು ಸಂಪಾದಿಸಿದ್ದಳು. ಪ್ರಬಂಧದ ಅಡಿಟಿಪ್ಪಣಿಯಲ್ಲಿ ಯಾವ ಪುಸ್ತಕದ ಹೆಸರಿದೆಯೋ ಆ ಪುಸ್ತಕವನ್ನೋ ಆ ಪುಟದ ಜೆರಾಕ್ಸನ್ನೋ ಕಣ್ಣಾರೆ ನೋಡದೆ ಅವಳು ಟೈಪ್ ಮಾಡುತ್ತಿರಲಿಲ್ಲ. ಸಲ್ಲಿಸುವ ದಿನ ಹತ್ತಿರವಾದ ಹುಡುಗರು ಹಲ್ಲು ಕಡಿಯುತ್ತಿದ್ದರು.

"ಗೈಡೇ ಸಹಿ ಹಾಕಿದ್ದಾರೆ ಅಕ್ಕ, ನಿಮ್ದೇನು ತಕರಾರು?"

"ಗೈಡು ಓದಿ ಹಾಕಿದ್ರೋ, ಊಟಕ್ಕೆ ಹೊತ್ತಾಯ್ತು ಅಂತ ಹಾಕಿದ್ರೋ ನನಗೇನು ಗೊತ್ತು? ನೀನು ಪುಸ್ತಕ ತಾ."

ಹತ್ತನೇ ತರಗತಿಗೆ ಓದು ಬಿಟ್ಟ ಹೆಂಗಸಿಗೆ ಇಷ್ಟೊಂದು ಹಟ ಯಾಕೆಂದು ಪಿಎಚ್‌ಡಿ ಮಾಡುತ್ತಿದ್ದ ನಾವು ಬೆನ್ನ ಹಿಂದೆ ನಗುತ್ತಿದ್ದೆವು. ಅವಳು ಕಾರಣ ಹೇಳುತ್ತಿರಲಿಲ್ಲ.

ಅವಳಿಗೆ ಐವತ್ತು ದಾಟಿದ ವರ್ಷ ಸಿವಿಲ್ ಎಂಜಿನಿಯರಿಂಗ್ ವಿಭಾಗದ ಪ್ರೊಫೆಸರೊಬ್ಬರು ಒಂದು ವರದಿ ತಂದುಕೊಟ್ಟರು. ಗ್ರಂಥಾಲಯದ ಎರಡನೆಯ ಮಹಡಿಯ ಸಭಾಂಗಣದಲ್ಲಿ ಕಬ್ಬಿಣದ ಕಪಾಟುಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಎಪ್ಪತ್ತು ವರ್ಷದ ಪತ್ರಿಕೆಗಳ ಬೈಂಡುಗಳನ್ನೆಲ್ಲ ಅಲ್ಲಿಗೆ ಸಾಗಿಸುವುದೆಂದು ತೀರ್ಮಾನವಾಗಿತ್ತು. ನೆಲ ಅಷ್ಟು ಭಾರ ತಡೆಯುತ್ತದೆಯೇ ಎಂಬುದಕ್ಕೆ ಆ ವರದಿ. ಚದರ ಮೀಟರಿಗೆ ಸಾವಿರ ಕಿಲೋ ತಡೆಯುತ್ತದೆ ಎಂದು ಒಂದೇ ಸಾಲಿನಲ್ಲಿ ಉತ್ತರವಿತ್ತು, ಅದರ ಮೇಲೆ ಹನ್ನೆರಡನೆಯ ಅಡಿಟಿಪ್ಪಣಿಯ ಸಂಖ್ಯೆ.

"ಕಪಾಟು ಆಗಲೇ ಬಂದಿಳಿದಿದೆ. ನೀವು ಗ್ರಂಥಸೂಚಿ ಒಂದು ಸರಿ ಮಾಡಿಬಿಡಿ ಸಾಕು," ಎಂದರು ಪ್ರೊಫೆಸರು.

ಹನ್ನೆರಡನೆಯ ಟಿಪ್ಪಣಿ ಒಂದು ಹಳೆಯ ಪ್ರಬಂಧದತ್ತ ಬೊಟ್ಟು ಮಾಡಿತ್ತು. ಅಕ್ಕ ಮಧ್ಯಾಹ್ನದ ಊಟ ಮುಗಿಸಿ, ಗಂಡನಿಗೆ ಅಂಗಡಿ ನೋಡಿಕೊಳ್ಳಲು ಹೇಳಿ ಗ್ರಂಥಾಲಯಕ್ಕೆ ಹೋದಳು. ಮೊದಲ ಮಹಡಿಯ ವಾಚನಾಲಯದಲ್ಲಿ ಅವಳ ಮಗಳು ಎಂದಿನಂತೆ ಕಿಟಕಿ ಪಕ್ಕದ ಮೇಜಿನಲ್ಲಿ ಕೂತು ಯಾವುದೋ ಕೆಲಸದ ಪರೀಕ್ಷೆಗೆ ಓದುತ್ತಿದ್ದಳು. ತಲೆಯ ಮೇಲಿನ ಮಹಡಿಯಲ್ಲಿ ಕಬ್ಬಿಣ ಎಳೆಯುವ ಸದ್ದು.

ಪ್ರಬಂಧ ಸಿಕ್ಕಿತು. ಸಾವಿರ ಕಿಲೋ ಎಂಬ ಮಾತು ಅದರಲ್ಲೂ ಇತ್ತು, ಆದರೆ ಅದರ ಲೇಖಕ ಅಳೆದು ನೋಡಿರಲಿಲ್ಲ, ಒಂದು ನಿಯತಕಾಲಿಕದ ಲೇಖನದಿಂದ ಎತ್ತಿಕೊಂಡಿದ್ದ. ಲೇಖನ ಬರೆದವರು ಅದಕ್ಕೂ ಹಿಂದಿನ ಇನ್ನೊಂದು ಪ್ರಬಂಧದಿಂದ ಎತ್ತಿಕೊಂಡಿದ್ದರು. ವಿಶ್ವವಿದ್ಯಾಲಯದ ಹಳೆಯ ಕಟ್ಟಡಗಳ ಬಗೆಗಿನ ಆ ಪ್ರಬಂಧ ಇಪ್ಪತ್ತಾರು ವರ್ಷ ಹಿಂದಿನದು, ನೆಲಮಾಳಿಗೆಯಲ್ಲಿತ್ತು. ಮಾರನೆಯ ದಿನ ಗ್ರಂಥಪಾಲಕರು ಬೀಗ ತೆಗೆಸಿ, ಅದರ ಧೂಳು ಕೊಡವಿ ಕೈಗಿಟ್ಟರು.

ಹಾಳೆ ತಿರುಗಿಸಿದ ಅಕ್ಕ ಒಂದು ಸ್ಟೂಲೆಳೆದು ಕೂತಳು. ಅಕ್ಷರಗಳು ಅವಳ ಹಳೆಯ ಟೈಪ್‌ರೈಟರಿನವು. ಅದರಲ್ಲಿ ಏಳರ ಅಂಕಿ ಸಾಲಿಗಿಂತ ಕೂದಲೆಳೆಯಷ್ಟು ಮೇಲೆ ಕೂರುತ್ತಿತ್ತು. ಪುಟದ ಅಡಿಯಲ್ಲಿ ಹೀಗಿತ್ತು: ಕಟ್ಟಡ ಶಾಖೆಯ ಕಡತ, ಪುಟ 47. ಆ ಏಳು ಮೇಲೆದ್ದು ನಿಂತಿತ್ತು.

ಎಲ್ಲ ನೆನಪಾಯಿತು. ಆಗ ಅವಳಿಗೆ ಹೊಸ ಮದುವೆ, ಹೊಸ ಅಂಗಡಿ. ಐದು ಗಂಟೆಗೆ ಸಲ್ಲಿಸಬೇಕು, ನಾಲ್ಕಕ್ಕೆ ಒಂದು ಹಾಳೆ ಬಾಕಿ. ಸಂಖ್ಯೆಯ ಜಾಗ ಖಾಲಿ ಬಿಟ್ಟಿದ್ದ ಹುಡುಗ ಬೆವರು ಒರೆಸಿಕೊಳ್ಳುತ್ತ, "ಸಾವಿರ ಅಂತ ಹಾಕಿ ಅಕ್ಕ, ಎಲ್ಲೋ ಓದಿದ ನೆನಪು" ಎಂದಿದ್ದ. ಎಲ್ಲಿ ಓದಿದ್ದು ಎಂದರೆ, "ಕಟ್ಟಡ ಶಾಖೆ ಕಡತ ಅಂತ ಹಾಕಿ. ಪುಟ ನೀವೇ ಯಾವ್ದಾದ್ರೂ ಹಾಕ್ಬಿಡಿ, ಯಾರು ನೋಡ್ತಾರೆ?" ಅವರು ಆಗ ಬಾಡಿಗೆಗಿದ್ದ ಮನೆಯ ಬಾಗಿಲ ಮೇಲೆ ನಲವತ್ತೇಳು ಎಂದು ಬರೆದಿತ್ತು. ಥಟ್ಟನೆ ನೆನಪಿಗೆ ಬಂದ ಅದನ್ನೇ ಅವಳು ಟೈಪ್ ಮಾಡಿದ್ದಳು. ಹುಡುಗ ಪದವಿ ಪಡೆದು ಹೋದ. ಕೆಲವು ವರ್ಷಗಳ ಮೇಲೆ ಅವನು ತೀರಿಕೊಂಡ ಸುದ್ದಿಯೂ ಬಂದಿತ್ತು.

ಆಡಳಿತ ಕಚೇರಿಯ ಕಟ್ಟಡ ಶಾಖೆಯ ಗುಮಾಸ್ತ ಮೂಲ ಕಡತ ಹುಡುಕಲು ಎರಡು ದಿನ ತೆಗೆದುಕೊಂಡ. ಅದರಲ್ಲಿ ಇದ್ದದ್ದೇ ಮೂವತ್ತೊಂದು ಹಾಳೆ. ಮಡಚಿ ಮಡಚಿ ಹರಿದಿದ್ದ ನಕ್ಷೆಯ ಮೂಲೆಯಲ್ಲಿ ಎರಡನೆಯ ಮಹಡಿಯ ಭಾರ ಬರೆದಿತ್ತು. ಚದರ ಮೀಟರಿಗೆ ನಾನೂರು ಕಿಲೋ.

ಅಕ್ಕ ಪ್ರೊಫೆಸರ ಕೋಣೆಗೆ ಹೋಗಿ ನಕ್ಷೆಯ ಜೆರಾಕ್ಸನ್ನು ಮೇಜಿನ ಮೇಲೆ ಹರಡಿದಳು. ಅವರು ಕನ್ನಡಕ ಏರಿಸಿ ನೋಡಿ ಪಕ್ಕಕ್ಕೆ ಸರಿಸಿದರು.

"ಇದು ಹಳೇ ಲೆಕ್ಕ ಅಕ್ಕ. ಆಗಿನವರು ಸುರಕ್ಷತೆಗೆ ಅಂತ ಕಡಿಮೇನೇ ಬರೀತಿದ್ರು. ಅದೂ ಅಲ್ದೆ ಮೂರು ಜನ ವಿದ್ವಾಂಸರು ಸಾವಿರ ಅಂತ ಬರೆದಿದ್ದಾರೆ. ಮೂರೂ ಜನ ಸುಳ್ಳು ಹೇಳ್ತಾರಾ?"

"ಮೂರು ಜನ ಅಲ್ಲ ಸಾರ್. ಅವರೆಲ್ಲ ಒಬ್ಬರನ್ನೊಬ್ಬರು ನೋಡಿ ಬರೆದದ್ದು. ಮೊದಲನೇದನ್ನ ಹಾಕಿದ್ದು ನಾನು. ಆ ಪುಟ ನಮ್ಮನೆ ಬಾಗಿಲ ನಂಬರು."

ಪ್ರೊಫೆಸರು ನಗಲು ಹೋಗಿ ಅರ್ಧಕ್ಕೆ ನಿಲ್ಲಿಸಿದರು. ಎದ್ದು ಬಾಗಿಲು ಮುಚ್ಚಿ, ದನಿ ತಗ್ಗಿಸಿ ಹೇಳಿದರು. "ಇದನ್ನ ಇಲ್ಲಿಗೇ ಬಿಡಿ. ಅರ್ಧ ಕಪಾಟು ತುಂಬಿ ಆಗಿದೆ, ಏನೂ ಆಗಿಲ್ಲ. ನೀವೇ ಸುಳ್ಳು ಟಿಪ್ಪಣಿ ಹಾಕ್ತೀರಿ ಅಂತ ಗೊತ್ತಾದ್ರೆ ನಿಮ್ಮ ಅಂಗಡಿಗೆ ಯಾರು ಬರ್ತಾರೆ, ಯೋಚನೆ ಮಾಡಿ."

ಮನೆಯಲ್ಲಿ ಗಂಡ ಕೂಡ ಅದನ್ನೇ ಅಂದ. "ದೊಡ್ಡೋರ ವಿಷಯ ಕಣೇ. ಇಪ್ಪತ್ತಾರು ವರ್ಷದ ಮಾತು, ನೀನು ಬಾಯಿ ಬಿಡದಿದ್ರೆ ಯಾರಿಗೂ ಗೊತ್ತಾಗಲ್ಲ."

"ನಮ್ಮ ಹುಡುಗಿ ಅದರ ಕೆಳಗೇ ಕೂರೋದು ಕಣ್ರೀ."

"ನಾಳೆಯಿಂದ ಮನೇಲೇ ಓದ್ಲಿ ಬಿಡು."

"ಮಿಕ್ಕೋರ ಮಕ್ಕಳು?"

ಅವನು ಅನ್ನಕ್ಕೆ ಇನ್ನಷ್ಟು ಸಾರು ಹಾಕಿಕೊಂಡ. ಅವರ ಮಾತು ಕೇಳುತ್ತಿದ್ದ ಮಗಳು ನಡುವೆ ಬಾಯಿ ಹಾಕಿದಳು. "ಅಮ್ಮ, ಮೂರು ದಿನದಿಂದ ಮೇಜಿನ ಮೇಲೆ ಸುಣ್ಣದ ಪುಡಿ ಬೀಳ್ತಿದೆ. ಒರೆಸಿ ಕೂತ್ಕೋತೀನಿ, ಮತ್ತೆ ಬೀಳತ್ತೆ. ಬಾಗಿಲೂ ಹಿಡ್ಕೊಳ್ತಿದೆ, ಭುಜ ಕೊಟ್ಟು ತಳ್ಳಬೇಕು."

ಮರುದಿನ ಅಕ್ಕ ಅಂಗಡಿ ತೆರೆದವಳೇ ಗ್ರಂಥಪಾಲಕರಿಗೆ ಒಂದು ಪತ್ರ ಟೈಪ್ ಮಾಡಿದಳು. ಎಲ್ಲಿಂದ ಎಲ್ಲಿಗೆ ಆ ಸಂಖ್ಯೆ ಬಂತು ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಬರೆದು, ಪ್ರತಿ ಮಾತಿಗೂ ಅಡಿಟಿಪ್ಪಣಿ ಕೊಟ್ಟಳು. ಕೊನೆಯ ಟಿಪ್ಪಣಿಯಲ್ಲಿ, ಈ ಪುಟಸಂಖ್ಯೆಯನ್ನು ಸೃಷ್ಟಿಸಿದವಳು ನಾನು ಎಂದು ಬರೆದು ಸಹಿ ಹಾಕಿದಳು. ಸಹಿ ಮಾಡುವಾಗ ಶಾಯಿ ಚೆಲ್ಲಿತೆಂದೂ, ಆ ಹಾಳೆ ಹರಿದು ಇನ್ನೊಂದು ಮಾಡಿದಳೆಂದೂ ಅವಳ ಗಂಡ ನನಗೆ ಹೇಳಿದ.

ಗ್ರಂಥಪಾಲಕರು ಪತ್ರವನ್ನು ನಿಂತೇ ಓದಿದರು. ಅವರು ಯಾರ ಗೊಡವೆಗೂ ಹೋಗದ, ನಿವೃತ್ತಿಗೆ ತಿಂಗಳು ಎಣಿಸುತ್ತಿದ್ದ ಮನುಷ್ಯ. ಓದಿ ಮುಗಿಸಿ ವಾಚನಾಲಯದೊಳಗೆ ಹೋಗಿ ತಲೆಯೆತ್ತಿದರು. ಛಾವಣಿಯ ಬಿಳಿ ಬಣ್ಣದಲ್ಲಿ ಒಂದು ಗೆರೆ ಗೋಡೆಯಿಂದ ಹೊರಟು ಎರಡನೆಯ ಫ್ಯಾನಿನವರೆಗೂ ಹೋಗಿತ್ತು. ಓದುತ್ತ ಕೂತಿದ್ದ ನಲವತ್ತು ಜನರಲ್ಲಿ ಒಬ್ಬರೂ ಅದನ್ನು ನೋಡಿರಲಿಲ್ಲ.

"ಈ ಗೆರೆ ಮೊನ್ನೆ ಇಷ್ಟುದ್ದ ಇರಲಿಲ್ಲ," ಎಂದರು ಮೆಲ್ಲಗೆ. ಮೇಲಧಿಕಾರಿಗಳನ್ನು ಕೇಳಲಿಲ್ಲ. ಬಣ್ಣ ಬಳಿಯುವ ಕೆಲಸವಿದೆಯೆಂದು ಎಲ್ಲರನ್ನೂ ಎಬ್ಬಿಸಿ ಕಳುಹಿಸಿ ಬೀಗ ಹಾಕಿದರು. ಮೇಲೆ ಬೈಂಡು ಜೋಡಿಸುತ್ತಿದ್ದ ಕೂಲಿಯವರನ್ನೂ ಇಳಿಸಿದರು. ಪ್ರೊಫೆಸರು ಫೋನ್ ಮಾಡಿ ಕೂಗಾಡಿದರಂತೆ. ಇವರು, "ಲಿಖಿತವಾಗಿ ಕೊಡಿ ಸಾರ್, ಆಮೇಲೆ ಬೀಗ ತೆಗೀತೀನಿ" ಎಂದರಂತೆ. ಲಿಖಿತವಾಗಿ ಯಾರೂ ಕೊಡಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ದಪ್ಪ ಬಟ್ಟೆ ಹರಿದಂಥ ಸದ್ದು ಕೇಳಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಎರಡನೆಯ ಮಹಡಿಯ ನೆಲದ ಒಂದು ಭಾಗ ಕಪಾಟುಗಳ ಸಮೇತ ವಾಚನಾಲಯಕ್ಕೆ ಇಳಿಯಿತು. ಕಿಟಕಿ ಪಕ್ಕದ ಎಂಟು ಮೇಜುಗಳು ಕಾಣದಾದವು. ಬೀಗ ಹಾಕಿದ್ದ ಬಾಗಿಲ ಸಂದಿಯಿಂದ ಧೂಳು ಹೊಗೆಯಂತೆ ಮೆಟ್ಟಿಲಿಗೆ ಬಂತು. ಯಾರಿಗೂ ಗಾಯವಾಗಲಿಲ್ಲ.

ವಿಚಾರಣೆ ನಡೆಯಿತು. ಪ್ರೊಫೆಸರು ತಮ್ಮ ವರದಿಯನ್ನು ಕಡತದಿಂದ ಸದ್ದಿಲ್ಲದೆ ಹಿಂತೆಗೆದುಕೊಂಡರು. ಆದರೆ ಅಕ್ಕನ ಪತ್ರದ ಕೊನೆಯ ಟಿಪ್ಪಣಿಯ ಪ್ರತಿ ಮಾತ್ರ ಹೇಗೋ ಎಲ್ಲ ವಿಭಾಗಗಳಿಗೂ ತಲುಪಿತು. ಗೈಡುಗಳು ವಿದ್ಯಾರ್ಥಿಗಳನ್ನು ಬೇರೆ ಅಂಗಡಿಗೆ ಕಳಿಸತೊಡಗಿದರು. ಅಂಗಡಿಯಲ್ಲಿ ಈಗ ಹೆಚ್ಚಾಗಿ ಅರ್ಜಿ, ಬಾಡಿಗೆ ಕರಾರು ಇಂಥವೇ.

ಮೊನ್ನೆ ನಾನು ಅಂಗಡಿಗೆ ಹೋಗಿದ್ದೆ. ಅಕ್ಕ ಬೇರೆಯೇ ಒಂದು ವಿಷಯ ಹೇಳಿದಳು.

"ಅಂಗಡಿ ಇಟ್ಟ ಮೊದಲ ಎರಡು ವರ್ಷ ನಾನು ಹಾಗೆ ತುಂಬಿಸಿದ್ದು ಅದೊಂದೇ ಅಲ್ಲಪ್ಪ. ನಾಲ್ಕೋ ಐದೋ ಇರಬೇಕು. ಒಂದು ಸಿಕ್ಕಿತು, ಸಾಹಿತ್ಯದ್ದು, ಯಾರಿಗೂ ತೊಂದರೆ ಇಲ್ಲ. ಇನ್ನೊಂದು ಔಷಧಿ ವಿಭಾಗದ್ದು ಅಂತ ಮಾತ್ರ ನೆನಪು. ಮಕ್ಕಳಿಗೆ ಎಷ್ಟು ಹನಿ ಕೊಡಬಹುದು ಅನ್ನೋ ಕಡೆ ಜಾಗ ಖಾಲಿ ಇತ್ತು."

"ಪ್ರಬಂಧ ಸಿಕ್ಕಿತಾ?"

"ನೆಲಮಾಳಿಗೆಯಲ್ಲಿಲ್ಲ. ಯಾರೋ ಎರವಲು ತಗೊಂಡು ಹೋಗಿದ್ದಾರೆ. ರಿಜಿಸ್ಟರಲ್ಲಿ ಸಹಿ ಇದೆ, ಓದೋಕೆ ಆಗ್ತಿಲ್ಲ."

ಹೇಳಿ, ಮೇಜಿನ ಮೇಲಿದ್ದ ರಿಜಿಸ್ಟರಿನ ಜೆರಾಕ್ಸನ್ನು ನನ್ನತ್ತ ತಿರುಗಿಸಿದಳು. ನಾನೂ ಬೆಳಕಿಗೆ ಹಿಡಿದು ನೋಡಿದೆ. ಒಂದು ಅಕ್ಷರವೂ ಗುರುತು ಹತ್ತಲಿಲ್ಲ.